ಕುಸುಬಿ ಎಣ್ಣೆ ಹಚ್ಚಿದ ಗಾಲಿ

ರಂಗಂಪೇಟೆ, ಸುರಪುರ
16-11-2005

ಮಿಲಿಟರಿ ಅಳಿಯ ಅಂಬಣ್ಣನಿಗೆ ಸೋದರಮಾವ ದ್ಯಾವಪ್ಪನ ತುಂಬು ಮನಸ್ಸಿನ ಆಶೀರ್ವಾದಗಳು.

ಯಾದಗಿರಿ, ಶಹಾಪುರ, ಸುರಪುರ ಮೂರೂ ಕಡೆ ಹುಡುಕಿದರೂ ಬುಲೆಟ್ ಗಾಡಿಯ ವಿದ್ಯೆ ನನ್ನಷ್ಟು ಬಲ್ಲವನು ಸಿಗಲಾರ. ಹೋದ ವರ್ಷ ಗಾಡಿ ಕಂಪನಿಯ ಇಂಜಿನಿಯರೊಬ್ಬ ರೈಲಿನಲ್ಲಿ ಬಂದಿಳಿದು, ನನ್ನ ಕಾಲು ಮುಟ್ಟಿ, ಸಂಶಯ ಪರಿಹರಿಸಿಕೊಂಡು ಹೋದ. ನೀನು ದೂರ ಇರುವುದರಿಂದ ಸುದ್ದಿ ಮುಟ್ಟಿರಲಿಕ್ಕಿಲ್ಲ. ಇರಲಿ, ನಿನ್ನ ಆರೋಗ್ಯ ಹೇಗಿದೆ? ಅಲ್ಲಿ ಹಿಮ ಬೀಳುತ್ತದಂತೆ, ಕಿವಿಗೆ ಬಟ್ಟೆ ಕಟ್ಟಿಕೋ. ಬಿಸಿಲಾದರೆ ನಮ್ಮ ಮೈ ತಡೆದೀತು, ಚಳಿಯ ರೂಢಿ ನಮಗಿಲ್ಲ. ಇಲ್ಲಿ ನಿನ್ನ ಅವ್ವ, ನನ್ನ ಅಕ್ಕ ಕರೆಮ್ಮ ಗಟ್ಟಿಯಾಗಿದ್ದಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ, ಅಷ್ಟೆ. ಕಾಲುವೆ ದಂಡೆಯ ಸಮ ಹರಿಯುತ್ತಿದೆ.

ತಂಗಿ ಮೋನಮ್ಮನ ನರ್ಸಿಂಗ್ ಸೀಟಿಗಾಗಿ ನಿನ್ನ ಬುಲೆಟ್ ಮಾರೆಂದು ನೀನೇ ಬರೆದಿದ್ದೆ. ಭೀಮರಾಯನಗುಡಿಯ ಚನ್ನಯ್ಯ ಮಾಸ್ತರರು ಒಪ್ಪಿದರು. "ಟೈರು ಬೋಳಾಗ್ಯಾವ ದ್ಯಾವಪ್ಪ. ಹೊಸಾವು ಹಾಕ್ಸಿ ಶನಿವಾರ ಮುಂಜಾನಿ ತಂದು ನಿಲ್ಸು, ಅಲ್ಲೇ ರೊಕ್ಕ ಕೊಡ್ತೀನಿ" ಎಂದರು. ಶಹಾಪುರದಲ್ಲಿ ಸೀಟಿನ ಹಣ ಕಟ್ಟಲು ಅದೇ ಶನಿವಾರ ಮಧ್ಯಾಹ್ನ ಕೊನೆ. ಎಲ್ಲವೂ ಕೂಡಿಬಂದಿತ್ತು, ಅಂಬಣ್ಣ. ನಾನೊಬ್ಬ ಸುಮ್ಮನಿದ್ದಿದ್ದರೆ ಸಾಕಿತ್ತು.

ಯಾದಗಿರಿಯ ಅಂಗಡಿಯವನು "ಹಳೇ ಟೈರಿನ ಮ್ಯಾಲಿನ ನಂಬರ್ ಹೇಳ್ರಿ ಕಾಕಾ, ಸಾಕು" ಎಂದ. ನಂಬರ್ ನೋಡಿ ಆರಿಸುವುದು ಗುಮಾಸ್ತರ ಕೆಲಸ ಎಂದೆ. ಎತ್ತಿನ ಹಲ್ಲು ನೋಡಿದಂತೆ ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ, ಮೂಸಿ, ರಸ್ತೆಯಲ್ಲಿ ಉರುಳಿಸಿ ನೋಡಿದೆ. ನಮ್ಮ ಕಪ್ಪು ಎರಿ ಮಣ್ಣನ್ನು ಕಚ್ಚಿ ಹಿಡಿಯುವಂಥ ಆಳದ ಹಲ್ಲಿನ ಜೋಡಿ ಆರಿಸಿದೆ. ಅವನೇ ಹಾಕಿಕೊಡುತ್ತೇನೆಂದ. ನಾನು ಒಲ್ಲೆನೆಂದೆ. "ಹಂಗಾದ್ರ ಸಾಬೂನ ನೀರು ಹಚ್ಚಿ ಏರಿಸ್ರಿ. ಬ್ಯಾರೆ ಏನೂ ಹಚ್ಚಬ್ಯಾಡ್ರಿ ಮತ್ತ" ಎಂದು ಕೂಗಿದ. ಎರಡೂ ಟೈರುಗಳನ್ನು ಹೂವಿನ ಹಾರದಂತೆ ಕೊರಳಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಶುಕ್ರವಾರ ಓಣಿಯೆಲ್ಲ ನೆರೆಯಿತು. ಕುಂಟೆಯ ಹಳೆಯ ಕಬ್ಬಿಣದ ಕುಡಗಳನ್ನೇ ಮೀಟುಗೋಲು ಮಾಡಿಕೊಂಡು ಹಳೆಯವನ್ನು ಕಿತ್ತೆ. ಮುಂದಿನದು ಹೇಗೋ ಏರಿತು. ಹಿಂದಿನದು ಮಾತ್ರ ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಏಳುತ್ತಿತ್ತು. ಜನ ನಗತೊಡಗಿದರು. ಬಂಡಿಯ ಗಾಲಿಗೆ ಎಣ್ಣೆ ಉಣಿಸುತ್ತ ಬೆಳೆದವನಿಗೆ ಸಾಬೂನು ನೆನಪಾದೀತೇ? ಅಕ್ಕನ ಅಡಿಗೆಮನೆಯ ಕುಸುಬಿ ಎಣ್ಣೆಯನ್ನು ಟೈರಿನ ಅಂಚಿಗೆ ಸುತ್ತಲೂ ಸುರಿದೆ. ಒಂದೇ ಏಟಿಗೆ ಜಾರಿ ಕೂತಿತು! ಮೋನಮ್ಮ ಚಪ್ಪಾಳೆ ತಟ್ಟಿ, "ನಮ್ಮ ಮಾವನ ಕೈಯಾಗ ಏನ್ ಐತೋ ಏನೋ" ಎಂದಳು. ಅವಳು ಹಾಗೆ ನಕ್ಕದ್ದು ಅದೇ ಕೊನೆ.

ಶನಿವಾರ ಡಾಂಬರು ರಸ್ತೆ ಬಿಟ್ಟು ಕಾಲುವೆ ದಂಡೆ ಹಿಡಿದೆ. ಭತ್ತ ಕೊಯ್ಯುವವರು ನೋಡಲಿ ಎಂಬ ಆಸೆ. ಎದುರಿಗೆ ಕುರಿ ಹಿಂಡು ಬಂತು. ಬ್ರೇಕ್ ತುಳಿದೆ. ಗಾಲಿ ನಿಂತಿತು, ಎಣ್ಣೆ ಕುಡಿದ ಟೈರು ನಿಲ್ಲಲಿಲ್ಲ. ಗಾಲಿಯ ಮೇಲೆಯೇ ಗರ್ರನೆ ಸುತ್ತಿತು. ಗಾಳಿ ತುಂಬುವ ಬಾಯಿ ಟ್ಯೂಬಿನಿಂದ ಕಿತ್ತು ಬಂತು. ಗಾಡಿ ಅಡ್ಡಡ್ಡ ಜಾರಿತು. ನಾನು ದಂಡೆಗೆ ಬಿದ್ದೆ, ನಿನ್ನ ಬುಲೆಟ್ ಕಾಲುವೆಗೆ ಬಿತ್ತು. ಮೂರನೆಯ ದಿನ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿದಾಗ ಹ್ಯಾಂಡಲ್ ತಿರುಚಿತ್ತು, ಇಂಜಿನ್ ತುಂಬ ಕೆಸರು.

ಬಿದ್ದ ದಿನವೇ ಮಣ್ಣು ಮೆತ್ತಿದ ಬಟ್ಟೆಯಲ್ಲಿ ಮಾಸ್ತರರ ಮನೆಗೆ ನಡೆದು ಹೋಗಿದ್ದೆ. "ನೀರಾಗಿನ ಗಾಡಿ ತಗೊಂಡು ಏನ್ ಮಾಡ್ಲೋ, ಮೀನು ಸಾಕ್ಲೇನು?" ಎಂದು ಒಳಗೆ ಹೋದರು. ಸೀಟು ಅಂದು ಸಂಜೆಯೇ ಬೇರೆ ಹುಡುಗಿಯ ಪಾಲಾಯಿತು.

ಅಕ್ಕ ಕೊನೆಯದಾಗಿ ಆಡಿದ ಮಾತು ಇಷ್ಟು: "ನಿನಗ ಬಡಾಯಿ ಬೇಕಾಗಿತ್ತು, ತಮ್ಮಾ. ನನ್ನ ಮಗಳಿಗೆ ಓದು ಬೇಕಾಗಿತ್ತು." ಮೋನಮ್ಮ ಬೈದಿದ್ದರೆ ಚೆನ್ನಾಗಿತ್ತು. "ಮಾವಾ, ಮೊಳಕೈ ಬಾತೈತಿ, ಅರಿಷಿಣ ಹಚ್ಚಲೇನು?" ಎಂದು ಕೇಳಿದಳು. ಈಗ ಹತ್ತಿ ಬಿಡಿಸಲು ಹೋಗುತ್ತಾಳೆ. ಬರುವ ಸೋಮವಾರ ತಾಳಿಕೋಟೆಯಿಂದ ಹೆಣ್ಣು ನೋಡಲು ಬರುತ್ತಾರೆ. ಬೇಡವೆನ್ನಲು ನನಗೆ ಬಾಯಿಲ್ಲ. ನೀನು ಏನಾದರೂ ಬರೆದರೆ ಅಷ್ಟರೊಳಗೆ ಮುಟ್ಟುವುದೂ ಇಲ್ಲ.

ಜೀವ ಜೋಪಾನ. ಹೊಟ್ಟೆ ತುಂಬ ಉಣ್ಣು.

ಇಂತಿ, ನಿನ್ನ ಮಾವ
ದ್ಯಾವಪ್ಪ

ತಾ.ಕ.: ಅಂಚೆಯವನು ಅವಸರ ಮಾಡುತ್ತಿದ್ದಾನೆ. ಮಾಸ್ತರರ ಬೆಲೆ ಇಪ್ಪತ್ತಾರು ಸಾವಿರ ಎಂದು ಹಿಂದಿನ ಕಾಗದದಲ್ಲಿ ಬರೆದಿದ್ದೆನಲ್ಲ, ಅದು ಸುಳ್ಳು. ಮೇಲಿನ ಎಂಟು ಸಾವಿರ ಮುಚ್ಚಿಟ್ಟು, ಮೋನಮ್ಮ ಕಾಲೇಜಿಗೆ ಹೊರಡುವ ದಿನ ಓಣಿಯವರೆಲ್ಲರ ಎದುರು ಸೋದರಮಾವನ ಉಡುಗೊರೆ ಎಂದು ಅವಳ ಉಡಿಗೆ ಹಾಕಬೇಕೆಂದಿದ್ದೆ. ಹಣ ನಿನ್ನದು, ಹೆಸರು ನನ್ನದು. ಅಕ್ಕನಿಗೆ ಇದು ಗೊತ್ತಿಲ್ಲ. ನಾನು ಕಾಲುವೆಗೆ ಹಾಕಿದ್ದು ಮೂವತ್ತನಾಲ್ಕು ಸಾವಿರ, ಅಂಬಣ್ಣ.