ರೊಟ್ಟಿ ಒಡೆಯದಿರಲೆಂದು

ಕೋಟ್ಲಿ ಖುರ್ದ್, ಜಿಲ್ಲೆ ಸಂಗ್ರೂರ್
19 ಏಪ್ರಿಲ್ 2007, ಗುರುವಾರ ಬೆಳಿಗ್ಗೆ

ಪ್ರೀತಿಯ ಮಗ ಸುಖಚೈನನಿಗೆ ಬಾಪೂ ಮಾಡುವ ಸತ್ ಶ್ರೀ ಅಕಾಲ್.

ಮೊದಲು ನಿನ್ನ ಕಾಲ್ಬೆರಳುಗಳ ಸುದ್ದಿ ಬರೆ. ಮಾರ್ಚಿನಲ್ಲಿ ರಜೆಗೆ ಬಂದಾಗ ಎಡಗಾಲಿನ ಎರಡು ಬೆರಳು ಕಪ್ಪಗಾಗಿದ್ದವು. ಕೇಳಿದ್ದಕ್ಕೆ ‘ಬೂಟ್ ಪಾಲಿಶ್ ಬಾಪೂ’ ಎಂದು ನಕ್ಕುಬಿಟ್ಟೆ. ಪಾಲಿಶ್ ಉಗುರಿನ ಒಳಗೆ ಇಳಿಯುವುದಿಲ್ಲವೆಂಬುದು ಎರಡು ವರ್ಷ ಕಾಲೇಜು ಕಂಡ ನನಗೆ ಗೊತ್ತಾಗದೆ ಇರುತ್ತದೆಯೇ? ಹಿಮದಲ್ಲಿ ಕಾವಲು ನಿಲ್ಲುವಾಗ ಎರಡು ಜೊತೆ ಕಾಲುಚೀಲ ಹಾಕು, ಒದ್ದೆಯಾದರೆ ಆಗಲೇ ಬದಲಿಸು. ಇಲ್ಲಿ ನಾನು, ನಮ್ಮ ಇಂಗ್ಲಿಷ್ ಪ್ರೊಫೆಸರು ಎಲ್ಲ ಕಾಗದಕ್ಕೂ ಇದೇ ಶುರು ಎಂದು ಬಾಯಿಪಾಠ ಮಾಡಿಸಿದಂತೆ, ‘ಕ್ವೈಟ್ ವೆಲ್ ಅಂಡ್ ಹೋಪ್ ಯು ಆರ್ ದಿ ಸೇಮ್’. ಆ ವಾಕ್ಯದ ನಡುವೆ ಇನ್ನೂ ಏನೋ ಇತ್ತು, ಮರೆತಿದ್ದೇನೆ. ನಿಜ ಹೇಳಬೇಕೆಂದರೆ ಕ್ವೈಟ್ ವೆಲ್ ಏನೂ ಅಲ್ಲ. ಮಂಡಿ ಪರವಾಗಿಲ್ಲ, ಕಣ್ಣು ಪರವಾಗಿಲ್ಲ, ನಿದ್ದೆ ಮಾತ್ರ ಇಪ್ಪತ್ತು ದಿನದಿಂದ ಹತ್ತಿರ ಸುಳಿದಿಲ್ಲ.

ಗೋಧಿ ಕೊಯ್ಲು ಅರ್ಧ ಮುಗಿದಿದೆ. ದೊಡ್ಡ ಎಮ್ಮೆ ಈದಿದೆ, ಹೆಣ್ಣುಕರು, ಹಣೆಯ ಮೇಲೆ ಬಿಳಿ ಚುಕ್ಕೆ. ಇಷ್ಟನ್ನು ಫೋನಿನಲ್ಲೂ ಹೇಳಬಹುದಿತ್ತು. ಆದರೆ ನಿನ್ನ ಫೋನು ಬರುವುದು ಭಾನುವಾರ, ಅದೂ ಮೂರು ನಿಮಿಷ. ಫೋನು ಇರುವುದು ನಡುಮನೆಯಲ್ಲಿ. ನಡುಮನೆಯಲ್ಲಿ ಇರುವುದು ನಿನ್ನ ಬುಆ. ನನ್ನಕ್ಕ ನಸೀಬ್ ಕೌರ್ ತನಗೆ ಕಿವಿ ಮಂದವೆಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಾಳೆ, ಆದರೆ ಫೋನಿನ ಆಚೆ ತುದಿಯ ನಿನ್ನ ಮಾತೂ ಅವಳಿಗೆ ಕೇಳಿಸುತ್ತದೆ. ಅದಕ್ಕೇ ಹೊಲದ ಪಂಪಿನ ಕೋಣೆಯಲ್ಲಿ ಗೊಬ್ಬರದ ಚೀಲದ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಇಲ್ಲಿಂದ ನೋಡಿದರೆ ನಮ್ಮ ಮನೆಯ ಮೂರು ಕಡೆ ಗೋಧಿ. ನಾಲ್ಕನೆಯ ಕಡೆ ರಸ್ತೆ, ಅದರ ಮೇಲೆ ಗೋಧಿ ತುಂಬಿದ ಟ್ರಾಲಿಗಳ ಸಾಲು. ನಡುವೆ ಆ ಮನೆಯೊಳಗೆ ಗೋಧಿ ಆಗದ ನಿನ್ನ ಹೆಂಡತಿ.

ಜೂನಿನ ರಜೆಯಲ್ಲಿ ಕಿರಣ್‌ಪಾಲಳನ್ನು ಬರ್ನಾಲಾದ ತವರಿಗೆ ಬಿಟ್ಟುಬರುತ್ತೇನೆ, ಮತ್ತೆ ಕರೆತರುವುದಿಲ್ಲ ಎಂದು ಹೇಳಿಹೋಗಿದ್ದೀಯ. ಈ ಕಾಗದ ಅದರ ಬಗ್ಗೆಯೇ. ಸುತ್ತಿ ಬಳಸಿ ಬರುತ್ತಿದ್ದೇನೆ, ತಾಳ್ಮೆಯಿಂದ ಓದು, ನಡುವೆ ಬಿಸಾಡಬೇಡ.

ಎರಡು ಗರ್ಭ ಇಳಿದ ಮೇಲೆ ಲೂಧಿಯಾನದ ಡಾಕ್ಟರು ಇದು ಸೀಲಿಯಾಕ್, ಗೋಧಿಯ ಅಂಟು ಇವಳ ಕರುಳನ್ನು ಸವೆಸುತ್ತಿದೆ, ಒಂದು ವರ್ಷ ಗೋಧಿಯ ಕಣವೂ ತಾಗದಿದ್ದರೆ ಮಗು ನಿಲ್ಲಬಹುದು ಎಂದಾಗ ನೀನು ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಯಾವ ಗಂಡ ಮಾಡುತ್ತಾನೆ ಅಷ್ಟು! ಅವಳಿಗೇ ಬೇರೆ ತವಾ, ಹಿಟ್ಟು ನಾದಲು ಬೇರೆ ಪರಾತ, ಬೇರೆ ಡಬ್ಬಿ. ಊರಿನ ಗಿರಣಿಯಲ್ಲಿ ಗೋಧಿ ಧೂಳು ಇರುತ್ತದೆಂದು ಮೆಕ್ಕೆಜೋಳಕ್ಕಾಗಿಯೇ ಮನೆಗೆ ಪುಟ್ಟ ಬೀಸುವ ಯಂತ್ರ ತಂದೆ. ಬುಆಳ ಎದುರು ನಿಂತು, ‘ಈ ತವಾ ಮೇಲೆ ಗೋಧಿ ರೊಟ್ಟಿ ಬಿದ್ರೆ ನಾನು ಈ ಮನೇಲಿ ಊಟ ಮಾಡಲ್ಲ’ ಎಂದೆ. ಅವಳು ಬಾಯಿ ಮುಚ್ಚಿಕೊಂಡಳು, ಆದರೆ ನೀನು ರೈಲು ಹತ್ತಿದ ಮೇಲೆ ತೆರೆದಳು. ‘ಗೋಧಿ ಉಣ್ಣೋಕಾಗದ ಹೆಣ್ಣು ಪಂಜಾಬಿಗ್ಯಾಕೆ ಬಂತು? ಬಂಗಾಳದ ಕಡೆ ಕೊಟ್ಟಿದ್ರೆ ಅನ್ನ ತಿಂದ್ಕೊಂಡು ಹಾಯಾಗಿರ್ತಿದ್ಳು.’ ಕಿರಣ್‌ಪಾಲ್ ಏನಂದಳು ಗೊತ್ತೇ? ‘ಬುಆಜೀ, ಅಲ್ಲಿ ಮೀನೂ ಸಿಗ್ತಿತ್ತು, ನಿಮಗೆ ಎರಡು ಕಳಿಸ್ತಿದ್ದೆ.’ ಆಗ ಅವಳಲ್ಲಿ ನಗು ಇತ್ತು. ಡಿಸೆಂಬರಿನ ರಕ್ತಪರೀಕ್ಷೆ ಚೆನ್ನಾಗಿ ಬಂತು, ಕೆನ್ನೆ ತುಂಬಿತು, ಜನವರಿಯಲ್ಲಿ ಪೇಟೆಯ ಶಾಲೆಗೆ ಮೇಡಂ ಆಗಿ ಹೋಗತೊಡಗಿದಳು.

ಶಾಲೆಯ ಬಸ್ಸು ಏಳಕ್ಕೆ. ನಾನು ಹೇಗೂ ಹಾಲು ಕರೆಯಲು ನಸುಕಿನಲ್ಲೇ ಏಳುತ್ತೇನೆ. ಅವಳ ಬುತ್ತಿಯ ಮೂರು ರೊಟ್ಟಿ ನಾನೇ ಮಾಡುತ್ತೇನೆ ಎಂದೆ. ‘ಬೇಡ ಬಾಪೂಜೀ, ಜನ ನಗ್ತಾರೆ’ ಎಂದಳು. ನಕ್ಕರು. ಕಟ್ಟೆಯ ಮೇಲೆ ಗುರ್ದಾಸ್ ಮೇಸ್ತ್ರಿ, ‘ಏನ್ ಅಜಾಯಬ್ ಸಿಂಗಾ, ನಾಳೆ ಸೊಸೆ ದುಪಟ್ಟಾನೂ ಒಗೀತೀಯೇನೋ?’ ಎಂದ. ‘ಒಗೀತೀನಿ, ನಿನ್ನ ಪಗಡಿನೂ ತಗೊಂಡ್ಬಾ, ಅದು ನೀರು ಕಂಡು ಯಾವ ಕಾಲ ಆಯ್ತೋ’ ಎಂದೆ. ನನಗೆ ಹೆಮ್ಮೆಯೇ ಆಗಿತ್ತು ಮಗನೇ. ನಿನ್ನ ತಾಯಿ ಹೋದ ಆರು ವರ್ಷದಲ್ಲಿ ಈ ಮನೆಯಲ್ಲಿ ನನ್ನಿಂದ ಯಾರಿಗೂ ಏನೂ ಬೇಕಾಗಿರಲಿಲ್ಲ.

ಆದರೆ ಮೆಕ್ಕೆಜೋಳದ ಹಿಟ್ಟು ಕೈಗೆ ಬಗ್ಗುವುದಿಲ್ಲ. ಬಿಸಿನೀರಲ್ಲಿ ನಾದಿದರೂ ತಟ್ಟುವಾಗ ಅಂಚು ಬಿರಿಯುತ್ತದೆ, ಎತ್ತುವಾಗ ನಡುವೆ ಹರಿಯುತ್ತದೆ. ಮೊದಲ ವಾರ ಅವಳ ಬುತ್ತಿಯಲ್ಲಿ ಹೋದದ್ದು ರೊಟ್ಟಿಯಲ್ಲ, ಚೂರು. ಬೇರೆ ಮೇಡಮ್ಮುಗಳ ಎದುರು ಚಮಚದಲ್ಲಿ ತಿಂದಳಂತೆ. ನನಗೆ ನಾಚಿಕೆಯಾಯಿತು. ನಿನ್ನ ತಾಯಿಯ ರೊಟ್ಟಿ ಯಾವತ್ತಾದರೂ ಒಡೆದದ್ದು ನೋಡಿದ್ದೀಯಾ? ಮೂವತ್ತು ಚಳಿಗಾಲ ಒಲೆಯ ಮುಂದೆ ಕೂತು ಅವಳ ಕೈ ನೋಡಿದವನು ನಾನು. ಅವಳು ಏನು ಮಾಡುತ್ತಿದ್ದಳು? ಮೆಕ್ಕೆ ಹಿಟ್ಟಿಗೆ ಒಂದು ಮುಷ್ಟಿ ಗೋಧಿ ಹಿಟ್ಟು ಬೆರೆಸುತ್ತಿದ್ದಳು, ಹಿಡಿತಕ್ಕೆ. ಈ ಊರಿನ ಎಲ್ಲ ಹೆಂಗಸರೂ ಹಾಗೆಯೇ. ಅದನ್ನು ಯಾರೂ ಗೋಧಿ ಎಂದು ಲೆಕ್ಕ ಹಿಡಿಯುವುದಿಲ್ಲ. ‘ಮೆಕ್ಕೆ ರೊಟ್ಟಿ’ ಎಂದೇ ಹೇಳುತ್ತಾರೆ, ಮೆಕ್ಕೆ ರೊಟ್ಟಿ ಎಂದೇ ತಿನ್ನುತ್ತಾರೆ. ಲೋಹ್ಡಿ ಹಬ್ಬದ ಮರುದಿನದಿಂದ ನಾನೂ ಒಂದು ಮುಷ್ಟಿ ಹಾಕತೊಡಗಿದೆ.

ಇನ್ನೊಮ್ಮೆ ಬರೆಯುತ್ತೇನೆ, ಓದಿದ್ದು ತಪ್ಪೋ ಎಂದು ನಿನಗೆ ಅನುಮಾನ ಬೇಡ. ದಿನಾ ಬೆಳಿಗ್ಗೆ, ಎರಡು ತಿಂಗಳಿಗೂ ಮೇಲೆ, ಅವಳ ಪರಾತದಲ್ಲಿ, ನಾನು, ಈ ಕೈಯಿಂದ. ನೀನು ಎಲ್ಲ ಬಾಗಿಲು ಮುಚ್ಚಿ ಹೋಗಿದ್ದೆ. ಗೋಧಿ ನನ್ನ ಮುಷ್ಟಿಯಲ್ಲಿ ಒಳಗೆ ಬಂತು. ರೊಟ್ಟಿ ದುಂಡಗೆ ಬಂತು, ಒಡೆಯಲಿಲ್ಲ. ಸಂಜೆ ಬಂದು, ‘ಬಾಪೂಜೀ, ಇವತ್ತು ಎಲ್ರೂ ಯಾರು ಮಾಡಿದ್ದು ಅಂತ ಕೇಳಿದ್ರು’ ಎಂದಳು. ನಾನು ಮೀಸೆ ತಿರುವಿದೆ.

ಮುಂದಿನದು ನಿನಗೆ ಗೊತ್ತು. ಹೊಟ್ಟೆ ಉಬ್ಬಿತು, ಭೇದಿ ಹಿಡಿಯಿತು, ಕಣ್ಣಿನ ಒಳರೆಪ್ಪೆ ಬಿಳಿಚಿತು. ನೀನು ಬಂದ ವಾರವೇ ಪರೀಕ್ಷೆಯ ಕಾಗದ ಬಂತು, ಡಾಕ್ಟರು ಎಲ್ಲಿಂದಲೋ ಗೋಧಿ ಹೊಟ್ಟೆಗೆ ಹೋಗುತ್ತಿದೆ ಎಂದರು. ಗುರುದ್ವಾರದಲ್ಲಿ ಇವಳು ಗೋಧಿ ಹಿಟ್ಟಿನ ಕಡಾ ಪ್ರಸಾದ ಇಸಿದುಕೊಂಡದ್ದನ್ನು ಕಣ್ಣಾರೆ ನೋಡಿದೆ ಎಂದು ಬುಆ ಸಾಕ್ಷಿ ಹೇಳಿದಳು. ಇಸಿದುಕೊಳ್ಳದೆ ಇನ್ನೇನು ಮಾಡುತ್ತಾಳೆ? ಗುರುವಿನ ಪ್ರಸಾದ, ಬೊಗಸೆ ಒಡ್ಡದಿದ್ದರೆ ಸೊಕ್ಕು ಎನ್ನುತ್ತಾರೆ, ಒಡ್ಡಿದರೆ ಕಳ್ಳಿ ಎನ್ನುತ್ತಾರೆ. ದುಪಟ್ಟಾದ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಎಮ್ಮೆಗೆ ತಿನ್ನಿಸಿದೆ ಎಂದಳು ಅವಳು, ನೀನು ನಂಬಲಿಲ್ಲ. ಅಂಗಳದಲ್ಲಿ ನಿಂತು ಅಂದೆಯಲ್ಲ: ‘ಎರಡು ತುತ್ತಿನ ಚಪಲಕ್ಕೆ ನನ್ನ ಮಗೂನ ತಿಂದೆಯಲ್ಲೇ.’ ನಾನು ಮಂಚದ ಮೇಲೆ ಕೂತಿದ್ದೆ, ಅವತ್ತು ನನಗೂ ಅವಳ ಮೇಲೆ ಅನುಮಾನವೇ ಇತ್ತು. ಗುರುವಿನ ಆಣೆ, ಆಗ ನನ್ನ ಮುಷ್ಟಿ ನನಗೆ ನೆನಪಾಗಲಿಲ್ಲ. ಉಪ್ಪು ಹಾಕಿದ್ದು ಯಾರಿಗಾದರೂ ನೆನಪಿರುತ್ತದೆಯೇ?

ನೆನಪಾದದ್ದು ಮಾರ್ಚ್ ಮೂವತ್ತಕ್ಕೆ. ನೀನು ಹೋದ ಮೇಲೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಪಥ್ಯ ಹೇಳುವ ಚಿಕ್ಕ ವಯಸ್ಸಿನ ಮೇಡಂ, ‘ರೊಟ್ಟಿ ನೀವೇ ಮಾಡ್ತೀರಾ ಅಂಕಲ್‌ಜೀ? ನಮ್ಮಪ್ಪಂಗೆ ಟೀ ಕಾಯಿಸೋಕೂ ಬರಲ್ಲ! ಶುರುವಿಂದ ಹೇಳಿ, ನೋಡೋಣ’ ಎಂದಳು. ನಾನು ಉಬ್ಬಿಹೋಗಿ ಹೇಳತೊಡಗಿದೆ. ಬಿಸಿನೀರು, ಉಪ್ಪು, ಮೆಕ್ಕೆ ಹಿಟ್ಟು... ಬಾಯಿಗಿಂತ ಮುಂಚೆ ಕೈ ಓಡುತ್ತಿತ್ತು, ಗೋಧಿ ಡಬ್ಬಿಯ ಕಡೆಗೆ ಮುಷ್ಟಿ ಕಟ್ಟಿ ಗಾಳಿಯಲ್ಲೇ ನಿಂತುಬಿಟ್ಟಿತು. ‘ಆಮೇಲೆ?’ ಎಂದಳು. ‘ಆಮೇಲೆ ನಾದೋದು’ ಎಂದೆ. ಕಾಲೇಜಿನಲ್ಲಿ ‘ಗಿಲ್ಟಿ ಕಾನ್ಶಿಯಸ್’ ಎಂದೋ ಏನೋ ಒಂದು ಮಾತಿತ್ತು, ಪರೀಕ್ಷೆಯಲ್ಲಿ ಅದರ ಅರ್ಥ ತಪ್ಪು ಬರೆದಿದ್ದೆ. ಈಗ ಕೇಳಿದರೆ ಪುಟಗಟ್ಟಲೆ ಬರೆದೇನು.

ಮರುದಿನದಿಂದ ಮುಷ್ಟಿ ನಿಲ್ಲಿಸಿದೆ. ಪರಾತ ಬೂದಿ ಹಾಕಿ ಉಜ್ಜಿದೆ, ತವಾ ಕೆಂಪಗೆ ಕಾಯಿಸಿದೆ. ರೊಟ್ಟಿ ಮತ್ತೆ ಚೂರಾಯಿತು. ಅವಳು ಬುತ್ತಿ ತೆರೆದು ನೋಡಿ, ಚಮಚ ಹಾಕಿಕೊಂಡು ಬಸ್ಸಿಗೆ ನಡೆದಳು. ಎರಡೇ ವಾರಕ್ಕೆ ಭೇದಿ ನಿಂತಿತು, ಮುಖಕ್ಕೆ ಬಣ್ಣ ಬಂತು. ನಾನು ಸಿಕ್ಕಿಬಿದ್ದದ್ದು ಅಲ್ಲೇ ನೋಡು. ಅವಳು ಚೇತರಿಸಿಕೊಂಡಷ್ಟೂ ಅಕ್ಕನ ಮಾತಿಗೆ ಬಲ ಬಂತು. ‘ನೋಡಿದ್ಯಾ ತಮ್ಮಾ, ಗಂಡ ಉಗಿದ ಮೇಲೆ ಹೇಗೆ ನೆಟ್ಟಗಾದ್ಲು! ಕದಿಯೋದು ಬಿಟ್ಲು, ಕಾಯಿಲೆ ಬಿಡ್ತು.’ ಮೇವಿನ ಕೊಟ್ಟಿಗೆಯಲ್ಲಿ, ಕೈಪಂಪಿನ ಹತ್ತಿರ, ಇಡೀ ಓಣಿಗೆ ಕೇಳುವಂತೆ. ಅವಳು ನರಳುತ್ತಿದ್ದರೆ ಕಳ್ಳಿ, ಚೆನ್ನಾಗಿದ್ದರೆ ಕಳ್ಳತನ ಬಿಟ್ಟ ಕಳ್ಳಿ. ಪ್ರತಿ ದಿನವೂ ಇವತ್ತು ಹೇಳಿಬಿಡುತ್ತೇನೆ ಎಂದು ಎದ್ದು ಮಲಗುವವರೆಗೂ ಬಾಯಿ ಬಿಡುವುದಿಲ್ಲ. ಬರೀ ಹೇಡಿತನ ಎನ್ನಬೇಡ, ಅದೂ ಇದೆ. ಅಕ್ಕನಿಗೆ ಗೊತ್ತಾದ ಗಳಿಗೆಯೇ, ಗಂಡಸರಿಗ್ಯಾಕೆ ಒಲೆ ಎಂದು ಅಡುಗೆಮನೆ ತನ್ನ ಕೈಗೆ ತೆಗೆದುಕೊಳ್ಳುತ್ತಾಳೆ. ಅವಳಿಗೆ ಈ ಕಾಯಿಲೆಯಲ್ಲೇ ನಂಬಿಕೆಯಿಲ್ಲ. ‘ಗೊತ್ತಿಲ್ದೆ ಒಂದು ರೊಟ್ಟಿ ತಿನ್ಸಿ ನೋಡೋಣ, ಸತ್ತೇ ಹೋಗ್ತಾಳಾ’ ಎಂದು ನನ್ನೆದುರೇ ಅಂದವಳು. ಕೆಟ್ಟವಳಲ್ಲ; ನಾಟಕ ಬಯಲಿಗೆಳೆಯುವುದು ಉಪಕಾರ ಎಂದುಕೊಂಡಿದ್ದಾಳೆ.

ಬೈಸಾಖಿಯ ದಿನ ಗುರುದ್ವಾರದಲ್ಲಿ ಅಕ್ಕ ಬೇಕೆಂದೇ ಸೊಸೆಯ ಪಕ್ಕದಲ್ಲಿ ಕೂತಳು. ಪ್ರಸಾದ ಬಂದಾಗ ಇಡೀ ಸಾಲಿನ ಹೆಂಗಸರು ಇವಳ ಕೈಯನ್ನೇ ನೋಡುತ್ತಿದ್ದರು. ಕಿರಣ್‌ಪಾಲ್ ಬೊಗಸೆ ಒಡ್ಡಿದಳು, ಹಣೆಗೆ ಮುಟ್ಟಿಸಿಕೊಂಡಳು, ಎದ್ದು ಗಂಡಸರ ಕಡೆಗೆ ನಡೆದು ಬಂದು ನನ್ನ ಅಂಗೈಯಲ್ಲಿ ಇಟ್ಟು, ‘ನನ್ನ ಪಾಲು ನೀವು ತಿನ್ನಿ ಬಾಪೂಜೀ’ ಎಂದಳು. ಬಿಸಿಯಾಗಿತ್ತು, ತುಪ್ಪ ಬೆರಳ ಸಂದಿಯಿಂದ ಇಳಿಯುತ್ತಿತ್ತು. ಅವತ್ತೇ ಈ ಕಾಗದ ಬರೆಯಬೇಕೆಂದುಕೊಂಡೆ, ಧೈರ್ಯ ಬರಲು ಐದಾರು ದಿನ ಹಿಡಿಯಿತು.

ಈಗ ಕೇಳು. ಡಾಕ್ಟರು ಹೇಳಿದ ವರ್ಷ ಮತ್ತೆ ಮೊದಲಿಂದ ಶುರುವಾಗಿದೆ. ಅಷ್ಟು ತಿಂಗಳು ನಿಮ್ಮಿಬ್ಬರಿಂದ ಕಿತ್ತುಕೊಂಡವನು ನಾನು. ಜೂನಿನಲ್ಲಿ ಅವಳನ್ನು ಬರ್ನಾಲಾಕ್ಕೆ ಬಿಟ್ಟರೆ ತಪ್ಪಿಲ್ಲದವಳನ್ನು ಬಿಟ್ಟಂತೆ. ಕಾಗದ ಸಿಕ್ಕಿತೆಂದು ನೀನು ಫೋನಿನಲ್ಲಿ ಹೇಳಿದ ದಿನ ಅಕ್ಕನ ಎದುರಿಗೇ ಎಲ್ಲ ಹೇಳುತ್ತೇನೆ. ಆದರೆ ಅದೇ ಫೋನಿನಲ್ಲಿ, ಅಡುಗೆಮನೆ ಬೇರೆ ಯಾರ ಕೈಗೂ ಹೋಗಕೂಡದು ಎಂದು ನೀನು ಅಕ್ಕನಿಗೆ ಹೇಳಬೇಕು. ಈ ಮನೆಯಲ್ಲಿ ಅವಳು ಕೇಳುವುದು ನಿನ್ನ ಮಾತೊಂದನ್ನೇ. ನನ್ನ ಮೇಲಿನ ಸಿಟ್ಟು ಇಟ್ಟುಕೊ, ಅದು ನ್ಯಾಯ. ಬಂದಾಗ ಬೈಯಿ, ತಲೆ ತಗ್ಗಿಸಿ ಕೇಳುತ್ತೇನೆ.

ಗುರು ನಿನ್ನ ಮನಸ್ಸನ್ನು ಎತ್ತರದಲ್ಲಿಡಲಿ, ಕಾಲನ್ನು ಬೆಚ್ಚಗಿಡಲಿ. ನಿನ್ನ ಜೊತೆಯ ಜವಾನರಿಗೆಲ್ಲ ನನ್ನ ಆಶೀರ್ವಾದ.

ನಿನ್ನ ಬಾಪೂ,
ಅಜಾಯಬ್ ಸಿಂಗ್

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನು ಸೈಕಲ್ ಹಿಡಿದುಕೊಂಡು ರಸ್ತೆಯಲ್ಲಿ ನಿಂತಿದ್ದಾನೆ. ಶಾಲೆಗೆ ಇವತ್ತು ರಜೆ, ಕಿರಣ್‌ಪಾಲ್ ಈಗಷ್ಟೇ ಚಹಾ ತಂದಿದ್ದಳು. ಜೊತೆಗೆ ಮಡಚಿದ ಒಂದು ಕಾಗದ, ನಿನಗೆ, ಇದೇ ಲಕೋಟೆಯಲ್ಲಿ ಹಾಕಿ ಎಂದಳು. ಅದರಲ್ಲಿ ಕದ್ದು ತಿಂದದ್ದು ತಾನೇ ಎಂದು ಒಪ್ಪಿಕೊಂಡು ಕ್ಷಮೆ ಕೇಳಿದ್ದಾಳಂತೆ. ಯಾಕಮ್ಮಾ ಎಂದರೆ, ‘ನಿಮ್ಮ ಹೆಸರು ಬಂದ್ರೆ ಒಲೆ ಬುಆಜೀ ಕೈಗೆ ಹೋಗತ್ತೆ ಬಾಪೂಜೀ. ನಾನೇ ಕಳ್ಳಿ ಅಂತ ಕ್ಷಮೆ ಕೇಳಿದ್ರೆ ಅವ್ರು ತವರಿಗೆ ಕಳಿಸಲ್ಲ, ಬೈಸ್ಕೊಂಡು ಇಲ್ಲೇ ಇರ್ತೀನಿ, ಚೂರಾದ್ರೂ ನಿಮ್ಮ ಕೈ ರೊಟ್ಟಿ ಸಿಗತ್ತೆ’ ಎಂದಳು. ನನ್ನ ಮುಷ್ಟಿಯ ವಿಷಯ ಅವಳಿಗೆ ಗೊತ್ತಿತ್ತು, ರೊಟ್ಟಿ ಮತ್ತೆ ಚೂರಾದ ದಿನದಿಂದಲೇ ಇರಬೇಕು. ಅವಳ ಕಾಗದವನ್ನೂ ಇದರ ಜೊತೆಗೇ ಇಟ್ಟಿದ್ದೇನೆ, ಅದನ್ನು ಬಚ್ಚಿಟ್ಟರೆ ಇನ್ನೊಂದು ಪಾಪ. ಅದರಲ್ಲಿ ಒಂದಕ್ಷರವೂ ನಿಜವಲ್ಲ. ‘ಹೋಗಲಿ, ಕ್ಷಮಿಸಿದ್ದೇನೆ’ ಎಂದು ದೊಡ್ಡ ಮನಸ್ಸು ಮಾಡಿ ಉತ್ತರ ಬರೆದೀಯ, ಜೋಕೆ. ಕ್ಷಮೆ ಕೇಳಬೇಕಾದವನು ನೀನು.