ಬೇಡ ಎನ್ನದ ಬೆಳಿಗ್ಗೆ

ನಕಸ್ಪ್
ಗುರುವಾರ, ಫೆಬ್ರವರಿ 6

ಗ್ಯಾರೆತ್,

ಮೊದಲು ‘ಪ್ರಿಯ’ ಎಂದು ಬರೆದು ಹೊಡೆದುಹಾಕಿದೆ. ನಾಲ್ಕು ವರ್ಷ ನಿನಗೊಂದು ಸಾಲೂ ಬರೆಯದವಳಿಗೆ ಆ ಮಾತಿನ ಮೇಲೆ ಹಕ್ಕಿಲ್ಲ. ನಿನ್ನ ಕಾಗದ ಸೋಮವಾರ ಕೈಸೇರಿತು. ನನ್ನ ತಮ್ಮ ವಾಲ್ಟರ್ ತೀರಿಕೊಂಡ ದಿನ, ಈ ತಿಂಗಳ ಹದಿನಾಲ್ಕಕ್ಕೆ, ಗ್ರ್ಯಾಂಡ್ ಫೋರ್ಕ್ಸ್‌ಗೆ ಹೋಗಿ ನಮ್ಮವರ ಪದ್ಧತಿಯಂತೆ ಅಮ್ಮನೆದುರು ನೆಲಕ್ಕೆ ಹಣೆಯಿಟ್ಟು, ವಾಲ್ಟರನನ್ನು ಕೊಂದವನು ನಾನೇ ಎಂದು ಹೇಳಿಬಿಡುತ್ತೇನೆ ಎಂದಿದ್ದೀಯ. ಹೋಗಬಹುದೇ ಎಂದು ನನ್ನನ್ನು ಕೇಳಿದ್ದೀಯ. ಹೊರಡುವ ಮೊದಲು ಇದನ್ನು ಪೂರ್ತಿ ಓದು.

ಅವನು ಸತ್ತ ವಾರ ಬೆಳಗಿನ ಸಭೆಯಲ್ಲಿ ನಾನು ಮೂರು ಸಲ ‘ಬೇಡ’ ಅಂದಿದ್ದೆ. ಹಿಮದ ಮೇಲೆ ಸ್ಕೀ ಮಾಡುವ ಅತಿಥಿಗಳನ್ನು ಬೆಟ್ಟಕ್ಕೆ ಒಯ್ಯುವ ಹೆಲಿಕಾಪ್ಟರ್ ಏಳುವ ಮೊದಲು ಇಳಿಜಾರುಗಳ ಹೆಸರು ಒಂದೊಂದಾಗಿ ಓದುವುದು, ಮಾರ್ಗದರ್ಶಿಗಳಲ್ಲಿ ಒಬ್ಬರು ‘ಬೇಡ’ ಎಂದರೂ ಅದು ಆ ದಿನಕ್ಕೆ ಕೆಂಪಾಗುವುದು, ಅಲ್ಲಿ ಯಾರೂ ಇಳಿಯದಿರುವುದು, ಯಾಕೆಂದು ಯಾರೂ ಕೇಳದಿರುವುದು, ಈ ಕಟ್ಟಳೆಯನ್ನೆಲ್ಲ ನನಗೆ ಕಲಿಸಿದವನು ನೀನೇ. ಆದರೆ ಮೂರನೆಯ ದಿನ ನೀನು ಎಲ್ಲರೆದುರು, “ನನ್ನ ಹೆಂಡ್ತೀನ ಕೇಳ್ಬೇಡ್ರಪ್ಪ, ಅವಳು ಮನೇಲೂ ಎಲ್ಲದಕ್ಕೂ ಬೇಡಾನೇ ಅನ್ನೋದು” ಅಂದೆ. ಎಲ್ಲರೂ ಗೊಳ್ಳೆಂದು ನಕ್ಕರು. ವಾಲ್ಟರ್ ಬೇರೆ, “ಭಾವ, ಅಕ್ಕ ಜೀವಮಾನದಲ್ಲಿ ಒಂದೇ ಸಲ ಹೂಂ ಅಂದಿದ್ದು, ಅದೂ ನಿಮ್ಮನ್ನ ಮದ್ವೆ ಆಗೋಕೆ. ಪಾಪ, ಅವತ್ತೇ ಬುದ್ಧಿ ಬಂದಿರ್ಬೇಕು” ಅಂದ. ನಾನೂ ನಕ್ಕೆ.

ಅದೇ ಮಧ್ಯಾಹ್ನ ಮುದಿಗೂಳಿ ಎಂಬ ಇಳಿಜಾರಿನ ಅಂಚಿನಲ್ಲಿ ಅತಿಥಿಗಳಿಗಾಗಿ ಕಾಯುತ್ತ ಸಲಿಕೆಯಿಂದ ಹಿಮ ಬಗೆದೆ. ಮೊಣಕಾಲಾಳದಲ್ಲಿ ಗರಿಗರಿಯಾದ ಮಂಜುಹರಳಿನ ಪದರವೊಂದು ಹೂತುಕೊಂಡಿತ್ತು. ಮೇಲೆ ಎರಡು ತಟ್ಟು ತಟ್ಟಿದ್ದಷ್ಟೆ, ಮೇಲಿನ ಹಿಮವೆಲ್ಲ ಹಲಗೆಯಂತೆ ಜಾರಿ ನನ್ನ ಬೂಟಿನ ಮೇಲೆ ಬಿತ್ತು. ಜನ ಇಳಿದರೆ ಇಡೀ ಇಳಿಜಾರು ಹೀಗೇ ಜಾರಬಹುದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಮಾರ್ಗದರ್ಶಿಗಳು ಕಂಡದ್ದನ್ನು ಸಂಜೆ ದಾಖಲಿಸುವ ಪುಸ್ತಕದಲ್ಲಿ ಅದನ್ನು ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಮುದಿಗೂಳಿಯ ಹೆಸರು ಓದಿದವನು ನೀನೇ. ಓದಿ ನನ್ನ ಮುಖ ನೋಡಿದೆ. ನಾನು ಕಾಫಿ ಕುಡಿಯುತ್ತ ಕೂತೆ. ಹಸಿರು ಎಂದು ಬರೆದುಕೊಂಡೆ ನೀನು.

ನಗೆಪಾಟಲಾಗುವ ಹೆದರಿಕೆಗೆ ಸುಮ್ಮನಿದ್ದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ನೀನು ಮೇಲೆ ಹೋಗಿ ಹಿಮ ಬಗೆಯುತ್ತೀಯ, ಪದರ ಕಣ್ಣಿಗೆ ಬೀಳುತ್ತದೆ, ಅತಿಥಿಗಳೆದುರು ಪೆಚ್ಚುಮೋರೆ ಹಾಕಿಕೊಂಡು ಹಿಂತಿರುಗುತ್ತೀಯ ಎಂದುಕೊಂಡಿದ್ದೆ. ಆ ಮೋರೆಯನ್ನು ನೋಡಬೇಕಿತ್ತು ನನಗೆ. ಅಷ್ಟೇ, ಗ್ಯಾರೆತ್, ಅದಕ್ಕಿಂತ ದೊಡ್ಡದೇನೂ ನನ್ನ ಮನಸ್ಸಿನಲ್ಲಿರಲಿಲ್ಲ.

ನೀನು ಬಗೆದೂ ನೋಡಿದೆ. ಇಳಿಜಾರಿನ ನೆತ್ತಿಯ ಮೇಲಿನ ಪದರವನ್ನು ಗಾಳಿ ಮೊದಲೇ ಗುಡಿಸಿಹಾಕಿತ್ತು, ನಿನಗೆ ಸಿಗಲಿಲ್ಲ. ನೀನು ಇಳಿದೆ, ಅತಿಥಿಗಳು ಇಳಿದರು, ಎಲ್ಲರ ಹಿಂದೆ ಬರಬೇಕಾದ ವಾಲ್ಟರ್ ಕೊನೆಗೆ ಇಳಿದ. ಇಡೀ ಇಳಿಜಾರು ಅವನೊಬ್ಬನ ಮೇಲೆ ಕುಸಿಯಿತು. ಅವತ್ತು ನಿನ್ನ ಗುಂಪಿನ ಹಿಂಬದಿಗೆ ಅವನನ್ನು ಹಾಕಿದ್ದು ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಯಿ ಬಿಡುತ್ತಿದ್ದೆ. ಅಂದರೆ ನೀನೊಬ್ಬನಾದರೆ ಪರವಾಗಿಲ್ಲ ಎಂದಾಯಿತಲ್ಲ! ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತಿದೆ.

ಹದಿನೇಳು ನಿಮಿಷ ಅಗೆದು ಅವನನ್ನು ಹೊರತೆಗೆದವನು ನೀನು. ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನಲ್ಲಿ ಒದ್ದೆ ಕೈಗವಸಿನಲ್ಲೇ ನನ್ನ ತೋಳು ಹಿಡಿದು, “ಲೂಬಾ, ನಿನ್ನೆ ಆ ಕಡೆ ಹೋಗಿದ್ದೋಳು ನೀನೊಬ್ಳೇ. ಏನಾದ್ರೂ ಕಂಡಿತ್ತಾ?” ಎಂದು ಕೇಳಿದೆ. “ಏನೂ ಇಲ್ಲ” ಅಂದೆ. ತನಿಖೆಯವರಿಗೂ ಅದನ್ನೇ ಅಂದೆ. ನಮ್ಮ ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಅವನಿಗಾಗಿ ಹಾಡುತ್ತಿದ್ದಾಗ ಬಾಗಿಲಲ್ಲಿ ನಿನ್ನನ್ನು ತಡೆದು, “ಕೊಲೆಗಾರ, ಇಲ್ಲಿಗ್ಯಾಕೆ ಬಂದೆ?” ಎಂದು ಕಿರುಚಿದವಳೂ ನಾನೇ. ನೀನು ಮೆಟ್ಟಿಲಿಳಿದು ಹೋದೆ. ಪ್ರೀತಿಸಿದ ಕೆಲಸ ಬಿಟ್ಟು ಮರದ ಮಿಲ್ಲು ಸೇರಿದೆ. ಅಷ್ಟಕ್ಕೂ ಸಮಾಧಾನವಾಗದೆ ನಾನು ನಿನ್ನನ್ನು ಬಿಟ್ಟು ಬೇರೆ ಮನೆ ಮಾಡಿದೆ.

ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ. ತನಿಖೆಯವರಿಗೂ ಇದೆಲ್ಲವನ್ನೂ ಬರೆದು ಕಳಿಸಿದ್ದೇನೆ. ಒಂದು ದಿನವೂ ನಿನ್ನನ್ನು ಪ್ರೀತಿಸದೆ ಇರಲಿಲ್ಲ, ಕೇಳಿ ನಗಬೇಡ. ಅಮ್ಮನೆದುರು ನೀನು ತಲೆ ಬಾಗಿಸಬೇಕಾದ್ದಿಲ್ಲ.

ನಿನ್ನ ಬಾಳು ಕೆಡಿಸಿದ,
ಲೂಬಾ

ತಾ.ಕ.: ಅಂಚೆಗೆ ಹಾಕಲು ಧೈರ್ಯ ಸಾಲದೆ ಇವತ್ತು ಶನಿವಾರ ಅಮ್ಮನ ಮನೆಗೆ ಹೋಗಿ ಇದನ್ನು ಓದಿ ಹೇಳಿದೆ. ಬೋರ್ಷ್ ಸಾರಿಗೆ ಎಲೆಕೋಸು ಹೆಚ್ಚುತ್ತಿದ್ದಳು, ಕೊನೆಯ ಸಾಲಿನವರೆಗೂ ಕೈ ನಿಲ್ಲಿಸಲಿಲ್ಲ. ಆಮೇಲೆ ಚಾಕು ಕೆಳಗಿಟ್ಟು, “ಹದಿನಾಲ್ಕಕ್ಕೆ ಗ್ಯಾರೆತ್ ಬರ್ಲಿ, ಊಟಕ್ಕೇ ಬರ್ಲಿ. ಅವತ್ತು ಆ ಹುಡ್ಗನ್ನ ಬಾಗಿಲಿಂದ ಅಟ್ಟಿದ್ವಲ್ಲ” ಅಂದಳು. ನಾನು ಎಷ್ಟು ಹೊತ್ತಿಗೆ ಬರಲಿ ಎಂದು ಕೇಳಿದೆ. ಹತ್ತಿರ ಬಂದು, ನಾನು ಚಿಕ್ಕವಳಿದ್ದಾಗ ಹಾಕುತ್ತಿದ್ದಂತೆ ನನ್ನ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಕತ್ತಿನವರೆಗೂ ಹಾಕಿದಳು. “ನಾನೇ ಹೇಳಿ ಕಳಿಸ್ತೀನಿ ಮಗಳೇ, ಅಲ್ಲೀತನಕ ನಿನ್ನ ಮನೇಲೇ ಇರು” ಅಂದಳು. ಯಾವತ್ತು ಎಂದು ಹೇಳಲಿಲ್ಲ. ಬರುವ ತಿಂಗಳಿಗೆ ಅವಳಿಗೆ ಎಪ್ಪತ್ತೊಂಬತ್ತು.