ಮೂರನೇ ಟೇಬಲ್ಲಿನ ಮೊತ್ತ

ಜೂನ್ 3, ಮಂಗಳವಾರ
ಇವತ್ತೂ ಸ್ಕೂಟರ್ ಹಿಂದೆ ಕೂತು ಡಿಪಾರ್ಟ್‌ಮೆಂಟಿಗೆ. ಗಂಡ ಅಲ್ಲಿ ಲೆಕ್ಚರರ್... ಗಂಡ! ಮದುವೆಯಾಗಿ ನಲವತ್ತೊಂದು ದಿನ, ಇನ್ನೂ ಬರೆದರೆ ನಗು ಬರುತ್ತದೆ. ನನ್ನದು ಟೆಂಪರರಿ ಕೆಲಸ— ಕೃಷಿ ಅರ್ಥಶಾಸ್ತ್ರ ವಿಭಾಗಕ್ಕೆ ಐವತ್ತು ತುಂಬುತ್ತಿದೆ, ಅದರ ಇತಿಹಾಸ ಬರೆಯುವುದು.

ಸ್ಟೋರ್ ರೂಮಿನಲ್ಲಿ ಮೊಟ್ಟಮೊದಲ ಹಳ್ಳಿ ಸರ್ವೆಯ ಕಟ್ಟು ಸಿಕ್ಕಿತು! ಒಂದು ಎಕರೆಗೆ ಯಾರು ಎಷ್ಟು ಗಂಟೆ ದುಡಿದರು ಎಂಬ ಲೆಕ್ಕ. ಆಗಿನ ಹೆಡ್ ಒಬ್ಬರೇ ಮಾಡಿದ್ದಂತೆ. ಆದರೆ ಹಾಳೆಗಳಲ್ಲಿರುವುದು ಅವರ ಅಕ್ಷರವಲ್ಲ. ಪ್ರತಿ 7 ಅಂಕಿಗೂ ಹೊಟ್ಟೆಯಲ್ಲೊಂದು ಅಡ್ಡಗೆರೆ. ಎಲ್ಲೋ ನೋಡಿದ್ದೇನೆ...

ಸಂಜೆ 6
ನಮ್ಮ ಅಡುಗೆಮನೆಯ ಡಬ್ಬಗಳ ಮೇಲೆ! ಅತ್ತೆ ಅಂಟಿಸಿದ ತಾರೀಖಿನ ಚೀಟಿಗಳಲ್ಲಿ! ಕೇಳಿದೆ. ಒಲೆ ಸಣ್ಣ ಮಾಡುತ್ತಾ ಹೇಳಿದರು: "ಹೂಂ ಕಣಮ್ಮ, ಮೂರು ವರ್ಷ ಹಳ್ಳಿ ಹಳ್ಳಿ ಅಲೆದೆ. ಮದುವೆ ಆಯ್ತು, ಬಿಟ್ಟೆ." ಅಷ್ಟೇ.

ನನ್ನ ಗಂಡನಿಗೆ ಮೊದಲೇ ಗೊತ್ತಿತ್ತಂತೆ. ಗೊತ್ತಿತ್ತಂತೆ!

ಜೂನ್ 4
ಈಗಿನ ಹೆಡ್‌ಗೆ ಹೇಳಿದೆ. ನಕ್ಕರು. "ನಿಮ್ಮತ್ತೆ ಕೂಡೋ ಕೆಲಸ ಮಾಡ್ತಿದ್ರಮ್ಮ, ಅಷ್ಟೇ. ಅಡುಗೆಯವರ ಹೆಸರನ್ನ ಮದುವೆ ಕಾರ್ಡಲ್ಲಿ ಹಾಕ್ತಾರಾ?"

ಮೈಯೆಲ್ಲ ಉರಿಯಿತು. ಅತ್ತೆಯ ಬಗ್ಗೆ ಒಂದಿಡೀ ಪುಟ ಬರೆದು ಪ್ರೆಸ್ಸಿಗೆ ಕಳಿಸಿದೆ.

ಜೂನ್ 14, ಶನಿವಾರ
ಪ್ರೂಫ್ ಬಂತು. ಆ ಪುಟದ ಮೇಲೆ ಕೆಂಪು ಕಾಟು. ಪಕ್ಕದಲ್ಲಿ 'ತೆಗೆಯಿರಿ' ಎಂದಿದೆ. ಹೆಡ್ ಅಕ್ಷರವಲ್ಲ. ಮದುವೆಗೆ ಮುಂಚೆ ನನಗೆ ಬಂದ ಹದಿನೆಂಟು ಕಾಗದಗಳ ಅಕ್ಷರ. ಅವನ್ನು ಬೀರುವಿನಲ್ಲಿ ರೇಷ್ಮೆ ಸೀರೆ ಮಡಿಕೆಯಲ್ಲಿ ಇಟ್ಟಿದ್ದೇನೆ. ಥೂ.

ಈ ತಿಂಗಳು ಅವನ ಪ್ರಮೋಷನ್ ಇದೆಯಂತೆ, ಹೆಡ್ ಸಹಿ ಬೇಕಂತೆ. "ಅಮ್ಮನಿಗೇ ಬೇಡದ್ದು ನಿನಗ್ಯಾಕೆ?" ಅಂದ. ಮಾತು ಬಿಟ್ಟಿದ್ದೇನೆ. ಐವತ್ತೆರಡನೇ ದಿನಕ್ಕೇ.

ಜೂನ್ 15, ಭಾನುವಾರ
ಪ್ರೂಫನ್ನು ಅತ್ತೆಯ ಮುಂದಿಟ್ಟೆ. ಕೆಂಪು ಕಾಟು ನೋಡಿ ಅಳುತ್ತಾರೆ ಅಂದುಕೊಂಡಿದ್ದೆ. ಅದನ್ನು ಸುಮ್ಮನೆ ಮಗುಚಿ, ಸರ್ವೆಯ ಅಚ್ಚಾದ ವರದಿಯಿಂದ ನಾನು ಇಳಿಸಿಕೊಂಡಿದ್ದ ಮೂರನೇ ಟೇಬಲ್ಲಿನ ಅಂಕಿಗಳ ಮೇಲೆ ಬೆರಳಿಟ್ಟರು. ಕೂಡುತ್ತಾ ತುಟಿ ಆಡುತ್ತಿತ್ತು. ಮನೆಯ ಗಂಡಸರು 212 ಗಂಟೆ. ಕೂಲಿ ಗಂಡಸರು 96. ಒಟ್ಟು 547.

"ತಾಳೆ ಆಗ್ತಿಲ್ವಲ್ಲ. ಹೆಂಗಸರ ಸಾಲೆಲ್ಲಿ?"

ಮನೆಗೆ ತಂದಿದ್ದ ಸರ್ವೆಯ ಕಟ್ಟು ಬಿಚ್ಚಿ ನೋಡಿದೆ. ಮೂಲ ಹಾಳೆಯಲ್ಲಿದೆ. ಹೆಂಗಸರು 239. ಆಗ ವರದಿ ಅಚ್ಚು ಹಾಕುವಾಗ ಸಾಲು ಕಿತ್ತಿದ್ದಾರೆ, ಮೊತ್ತ ಕೀಳುವುದನ್ನು ಮರೆತಿದ್ದಾರೆ! ಐವತ್ತು ವರ್ಷದಿಂದ ಎಲ್ಲರೂ ಅದನ್ನೇ ನಕಲು ಹೊಡೆದಿದ್ದಾರೆ. ಹೆಡ್ ಕೂಡ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಕೂಡ.

ಅತ್ತೆ ಅವನತ್ತ ತಿರುಗಿದರು. ದನಿ ಏರಲಿಲ್ಲ. "ನಿನ್ನ ಪಿಎಚ್‌ಡಿ ಇದೇ ಟೇಬಲ್ ಮೇಲಲ್ವೇನೋ? ಒಂದು ಸಲ ಕೂಡಿ ನೋಡ್ಲಿಲ್ವಾ?"

ಅವನು ಹೊಸಿಲು ದಾಟಿ ಬಂದು ಹಾಳೆಯ ಮೇಲೆ ಬಗ್ಗಿದ. ಅತ್ತೆ ಪೆನ್ಸಿಲ್ ಕೇಳಿ, ಸಾಲನ್ನು ಅದರ ಜಾಗದಲ್ಲಿ ಬರೆದರು. ಆಮೇಲೆ ಕೆಂಪು ಕಾಟಿನ ಪುಟಕ್ಕೆ ತಿರುಗಿ, 'ತೆಗೆಯಿರಿ' ಪಕ್ಕದಲ್ಲಿ 'ಇರಲಿ' ಅಂತ.

ಜೂನ್ 16, ಬೆಳಿಗ್ಗೆ 9.40
ಸ್ಕೂಟರ್ ಸ್ಟಾರ್ಟ್ ಮಾಡಿ ಕಾದ. ನಾನು ಬಸ್ಸಿನಲ್ಲಿ ಬಂದೆ. ಹತ್ತಕ್ಕೆ ಪ್ರೆಸ್ಸಿನವರು ಬರುತ್ತಾರೆ. ಪ್ರೂಫ್, ಮೂಲ ಕಟ್ಟು ಎರಡೂ ಮೇಜಿನ ಮೇಲಿವೆ. ಹೆಡ್ ಬರುತ್ತಿದ್ದಾರೆ, ಚಪ್ಪಲಿ ಸದ್ದು. ಹೇಳಬೇಕಾದ್ದನ್ನು ಬರೆದಿಟ್ಟುಕೊಳ್ಳುತ್ತೇನೆ— ಸರ್, ಅದು ಬರೀ ಕೂಡೋ ಕೆಲಸ ಅಂದ್ರಲ್ಲ. ತಗೊಳ್ಳಿ ಪೆನ್ಸಿಲ್. ನನ್ನೆದುರಿಗೇ ಒಂದು ಸಲ ಕೂಡಿ...